ಹದಿನೇಳನೇ ನಂಬರಿನ ಬೂಟು

ಆಯ್ಕೆಯ ದಿನ ಮೈದಾನಕ್ಕೆ ನೀರು ಹಾಕುವುದು ನನ್ನ ಕೆಲಸ. ಇಪ್ಪತ್ತಾರು ವರ್ಷದಿಂದ ಹಾಕುತ್ತಿದ್ದೇನೆ. ಜಾಸ್ತಿ ಹಾಕಿದರೆ ಕೆಸರಾಗುತ್ತದೆ, ಕಡಿಮೆ ಹಾಕಿದರೆ ಹೆಜ್ಜೆ ಏಳುವುದಿಲ್ಲ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಮದುವೆ ಮನೆಯಲ್ಲಿ ಪನ್ನೀರು ಎರಚುವ ಹಾಗೆ ಎರಚಬೇಕು. ಕೆರೆ ಕಡೆಯ ಗೋಲಿನಿಂದ ಶುರು ಮಾಡಿ ಗಿರಣಿ ಕಡೆಯ ಗೋಲು ಮುಟ್ಟುವ ಹೊತ್ತಿಗೆ ಹಿಂದಿನ ನೆಲದಲ್ಲಿ ಹುಡುಗರ ಹೆಜ್ಜೆಯ ಅಚ್ಚುಗಳು ಒಂದೊಂದೇ ಮೇಲೆ ಬಂದಿರುತ್ತವೆ. ಜೂನಿನಲ್ಲಿ ಓಡಿದ್ದು, ದಸರಾ ರಜೆಗೆ ಮುಂಚೆ ಜಾರಿ ಬಿದ್ದದ್ದು, ಮೊನ್ನೆ ಮೊನ್ನೆ ಪೆನಾಲ್ಟಿ ಒದೆಯುವ ಮುಂಚೆ ಹಿಂದೆ ಮುಂದೆ ನೋಡಿ ನಿಂತದ್ದು, ಎಲ್ಲ. ಹಳೆಯದು ಕಪ್ಪಗೆ, ಹೊಸದು ಕೆಂಪಗೆ. ಬೂಟು ಹಾಕಿದ ಕಾಲಿನದು ಮಾತ್ರ. ಬರಿಗಾಲನ್ನು ನಮ್ಮ ಮೈದಾನ ಇಟ್ಟುಕೊಳ್ಳುವುದಿಲ್ಲ. ಯಾಕೆ ಅಂತ ನನ್ನನ್ನು ಕೇಳಬೇಡಿ, ನಾನು ಕಾಲೇಜಿನ ಸ್ಟೋರಿನವಳು.

ಹೊರ ಊರಿನ ಆರು ಕ್ಲಬ್ಬುಗಳವರು ವರ್ಷಕ್ಕೊಂದು ಸಲ ಬರುತ್ತಾರೆ. ನಮ್ಮ ಕಾಲೇಜಿನ ಹುಡುಗರು ಆಡಿದ ಒಂದು ಪಂದ್ಯವನ್ನೂ ಅವರು ನೋಡಿರುವುದಿಲ್ಲ. ನೋಡಿದರೆ ಕಣ್ಣು ಮೋಸ ಮಾಡುತ್ತದಂತೆ, ಒಬ್ಬನ ಮುಖ ಚೆನ್ನಾಗಿರುತ್ತದೆ, ಇನ್ನೊಬ್ಬನ ಕೂದಲು ಚೆನ್ನಾಗಿರುತ್ತದೆ, ಆಟ ಯಾವುದು ಅಂತ ಗೊತ್ತಾಗುವುದಿಲ್ಲವಂತೆ. ಅದಕ್ಕೆ ಬೆಳಗ್ಗೆ ಬಂದು, ಪ್ಯಾಂಟೋ ಪಂಚೆಯೋ ಮಡಚಿಕೊಂಡು, ಒದ್ದೆ ನೆಲದ ಮೇಲೆ ಬಗ್ಗಿ ಬಗ್ಗಿ ಹೆಜ್ಜೆ ಓದುತ್ತಾರೆ. ಬೇಕಾದ ಹೆಜ್ಜೆಯ ಪಕ್ಕ ತಮ್ಮ ಬಾವುಟ ನೆಡುತ್ತಾರೆ, ಕ್ಲಬ್ಬಿಗೆ ಒಂದೇ. ಹಿಂದಿನ ವರ್ಷ ಲೀಗಿನಲ್ಲಿ ಕೊನೆಗೆ ಬಂದ ಕ್ಲಬ್ಬಿಗೆ ಮೊದಲ ಬಾವುಟ. ನೆಟ್ಟ ಬಾವುಟವನ್ನು ಕೀಳುವ ಹಾಗಿಲ್ಲ, ಒಂದು ಬಾವುಟಕ್ಕೆ ಒಬ್ಬನೇ ಹುಡುಗ. ಆಮೇಲೆ ನನ್ನನ್ನು ಕರೆಯುತ್ತಾರೆ. ಕಾಲೇಜಿನ ಪ್ರತಿ ಬೂಟಿನ ಅಡಿಯಲ್ಲೂ ಒಂದು ನಂಬರು ಕೊರೆದಿರುತ್ತದೆ. ಯಾವ ನಂಬರಿನ ಜೋಡಿ ಯಾರಿಗೆ ಕೊಟ್ಟಿದ್ದು ಅನ್ನುವುದು ನನ್ನ ರಿಜಿಸ್ಟರಿನಲ್ಲಿರುತ್ತದೆ. ನಾನು ಬಗ್ಗಿ ಅಚ್ಚಿನ ನಂಬರು ನೋಡಿ ಹೆಸರು ಕೂಗುತ್ತೇನೆ. ಕೂಗಿಸಿಕೊಂಡವನು ಸಂಜೆ ಕ್ಲಬ್ಬಿನ ವ್ಯಾನು ಹತ್ತುತ್ತಾನೆ. ಉಳಿದವರು ಮಾರನೆಯ ದಿನ ಬೂಟು ವಾಪಸು ಕೊಟ್ಟು ಬೆಂಕಿಪೊಟ್ಟಣದ ಕಾರ್ಖಾನೆಯ ಗೇಟಿನಲ್ಲಿ ಸಾಲು ನಿಲ್ಲುತ್ತಾರೆ. ಕೊನೆಯ ವರ್ಷದವರಿಗೆ ಮಾತ್ರ ಆಯ್ಕೆ, ಅದೂ ಒಂದೇ ಸಲ.

ಆ ವರ್ಷ ಊರಿನವರ ಬಾಯಲ್ಲಿ ಇದ್ದದ್ದು ರಘುವೀರನ ಹೆಸರು. ಎಣ್ಣೆ ಗಿರಣಿಯವರ ಮಗ, ಹದಿನೆಂಟು ಗೋಲು ಹೊಡೆದಿದ್ದ. ಕಟಿಂಗ್ ಶಾಪಿನಲ್ಲಿ ಒಂದು ಕಪ್ಪು ಹಲಗೆ ನೇತುಹಾಕಿ ಆಯ್ಕೆಗೆ ಯಾರು ಎಷ್ಟನೆಯವರು ಅಂತ ಕೊನೆಯ ವರ್ಷದವರ ಹೆಸರುಗಳನ್ನು ಸೀಮೆಸುಣ್ಣದಲ್ಲಿ ಬರೆದಿದ್ದರು. ದಿನಾ ಯಾರೋ ಒಬ್ಬರು ಬಂದು ಕೆಳಗಿನ ಹೆಸರುಗಳನ್ನು ಒರೆಸಿ ತಿದ್ದುತ್ತಿದ್ದರು, ಮೇಲಿನ ಹೆಸರನ್ನು ಮಾತ್ರ ಯಾರೂ ಮುಟ್ಟಲಿಲ್ಲ. ರಘುವೀರನ ಅಪ್ಪ ಆಯ್ಕೆಗೆ ವಾರ ಮುಂಚೆಯೇ ವಾದ್ಯದವರನ್ನು ಗೊತ್ತುಮಾಡಿದ್ದರು. ನನ್ನ ತಂಗಿ ಪದ್ಮ ಹಾಲಿಗೆ ಹೋಗುವ ನೆಪದಲ್ಲಿ ದಿನಾ ಆ ಹಲಗೆ ನೋಡಿಕೊಂಡು ಬರುತ್ತಿದ್ದಳು. ಅವಳ ಮಗ ನಂದೀಶನ ಹೆಸರು ಒಂದು ದಿನ ಇಪ್ಪತ್ತೆರಡನೆಯದಾಗಿ ಇತ್ತಂತೆ, ಮಾರನೆಯ ದಿನ ಅದೂ ಇರಲಿಲ್ಲವಂತೆ.

ನಂದೀಶನನ್ನು ಎತ್ತಿ ಆಡಿಸಿದವಳು ನಾನು. ನನಗೆ ಮದುವೆ ಮಕ್ಕಳು ಅಂತ ಏನೂ ಆಗಲಿಲ್ಲ, ಆಗಲಿಲ್ಲ ಅಂತ ಕೊರಗಿದವಳೂ ಅಲ್ಲ. ಪದ್ಮನ ಗಂಡ ತೀರಿಕೊಂಡ ಮೇಲೆ ಅವಳೂ ಮಗುವೂ ನನ್ನ ಮನೆಗೇ ಬಂದರು. ಹುಡುಗ ಕುಳ್ಳು, ಐದಡಿ ನಾಲ್ಕಂಗುಲ. ಎಡಚ. ಊಟ ಮಾಡುವಾಗ ಎಡಗೈ ಚಾಚಿದರೆ ಪದ್ಮ ಕೈಮೇಲೆ ಹೊಡೆಯುತ್ತಿದ್ದಳು, ಚೆಂಡು ಒದೆಯುವಾಗ ಹೊಡೆಯುವವರು ಯಾರೂ ಇರಲಿಲ್ಲವಾದ್ದರಿಂದ ಎಡಗಾಲು ಚೆನ್ನಾಗಿ ಬೆಳೆಯಿತು.

ಆ ವರ್ಷ ಜೂನಿನಲ್ಲಿ ಬೂಟಿನ ಪೆಟ್ಟಿಗೆ ಬಂದಾಗ ಒಂದು ಜೊತೆ ಕಡಿಮೆ ಇತ್ತು. ಹಳೆಯ ಬೂಟುಗಳನ್ನು ನಾವು ಇಟ್ಟುಕೊಳ್ಳುವುದಿಲ್ಲ, ನಂಬರು ಕಲಸುಮೇಲೋಗರ ಆಗಬಾರದು ಅಂತ ವರ್ಷವರ್ಷವೂ ಸುಟ್ಟುಬಿಡುತ್ತೇವೆ. ಸ್ವಂತ ಬೂಟು ತರುವಂತಿಲ್ಲ. ಎಲ್ಲರಿಗೂ ಕೊಟ್ಟು ಮುಗಿಸಿದಾಗ ಹದಿನೇಳನೇ ನಂಬರಿನ ಒಂದೇ ಜೊತೆ ಉಳಿದಿತ್ತು, ಕಿಟಕಿಯ ಹೊರಗೆ ಇಬ್ಬರು ನಿಂತಿದ್ದರು. ಒಬ್ಬ ನಂದೀಶ. ಇನ್ನೊಬ್ಬ ಅವನ ಜೊತೆಗಾರ ಇಮ್ಯಾನುವೆಲ್. ಇಮ್ಮಿ ಅಂತ ಕರೆಯುತ್ತಿದ್ದರು. ಕಾರ್ಖಾನೆಯಲ್ಲಿ ಪೊಟ್ಟಣಕ್ಕೆ ಚೀಟಿ ಅಂಟಿಸುವ ಫಿಲೋಮಿನಾಳ ಮಗ. ಎತ್ತರವೂ ಕಾಲಿನ ಅಳತೆಯೂ ಇಬ್ಬರದೂ ಒಂದೇ, ಆದರೆ ಅವನದು ಬಲಗಾಲು.

"ಹೊಸ ಪೆಟ್ಟಿಗೆ ಬರೋ ತನಕ ಅಡ್ಜಸ್ಟ್ ಮಾಡ್ಕೊಳ್ರೋ" ಅಂದೆ.

"ಹೆಂಗೆ ದೊಡ್ಡಮ್ಮ ಅಡ್ಜಸ್ಟ್ ಮಾಡ್ಕೊಳೋದು? ನಾನು ಒಂದಿನ ಅವನೊಂದಿನಾನಾ?" ಅಂದ ನಂದೀಶ.

ಇಮ್ಮಿ ಬೂಟಿನ ಜೊತೆ ನೋಡಿ, "ಕಮಲಕ್ಕ, ಎಡಗಡೇದು ಅವನಿಗೆ ಕೊಡಿ, ಬಲಗಡೇದು ನನಗೆ ಕೊಡಿ" ಅಂದ. "ಇಬ್ರೂ ಹೆಂಗೂ ಒಂದೇ ಕಾಲಲ್ಲಿ ಒದೆಯೋದು."

ಕೊಟ್ಟುಬಿಟ್ಟೆ. ನಗುತ್ತಲೇ ಕೊಟ್ಟೆ ಅಂತ ನೆನಪು. ರಿಜಿಸ್ಟರಿನಲ್ಲಿ ಒಂದು ಜೊತೆಗೆ ಒಂದೇ ಗೆರೆ ಇರುವುದು, ಹಾಗಾಗಿ ಹದಿನೇಳರ ಮುಂದೆ ನಂದೀಶ ಅಂತ ಒಂದೇ ಹೆಸರು ಬರೆದೆ. ಹೊಸ ಪೆಟ್ಟಿಗೆ ಇವತ್ತು ಬರುತ್ತೆ ನಾಳೆ ಬರುತ್ತೆ ಅಂತ ನೋಡಿದೆ, ಬರಲಿಲ್ಲ. ಅವರಿಬ್ಬರೂ ಒಂದೊಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು, ಹೀಗೆಯೇ ವರ್ಷವಿಡೀ ಆಡಿದರು. ಮೊದಲ ಪಂದ್ಯದಲ್ಲಿ ಜನ ನಕ್ಕರು. ಮೂರನೆಯ ಪಂದ್ಯದ ಹೊತ್ತಿಗೆ ಯಾರೂ ಗಮನಿಸುತ್ತಿರಲಿಲ್ಲ. ಆಟದಲ್ಲೂ ಅವರು ಜೋಡಿಯೇ, ನಂದೀಶ ಎಡಕ್ಕೆ, ಇಮ್ಮಿ ಬಲಕ್ಕೆ, ನಡುವೆ ಒಂದು ಮಾರು ಜಾಗ. ಒಟ್ಟಿಗೆ ಓಡಿ ಓಡಿ ಇಬ್ಬರ ಕಾಲೂ ಕವಾಯತಿನವರ ಹಾಗೆ ಒಂದೇ ಲೆಕ್ಕಕ್ಕೆ ಬೀಳುತ್ತಿತ್ತು.

ಆಯ್ಕೆಯ ದಿನ ನೀರು ಹಾಕಿ ಮುಗಿಸಿ ನಾನು ಸ್ಟೋರಿನ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಿದ್ದೆ. ಮೈದಾನದ ಸುತ್ತ ಊರೆಲ್ಲ ಸೇರಿತ್ತು. ಮೊದಲ ಬಾವುಟ ಇದ್ದದ್ದು ಗುರುಪಾದಯ್ಯನವರ ಕ್ಲಬ್ಬಿಗೆ. ಗುರುಪಾದಯ್ಯ ಅಂದರೆ ಮೂವತ್ತು ವರ್ಷದಿಂದ ಹೆಜ್ಜೆ ಓದುತ್ತಿರುವವರು, ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿರುವ ತೆಳ್ಳನೆಯ ಮುದುಕರು. ಅವರು ಆರಿಸಿದವನು ಕೈಕೊಟ್ಟ ಉದಾಹರಣೆ ಇಲ್ಲ ಅಂತ ಬೇರೆ ಕ್ಲಬ್ಬಿನವರೇ ಹೇಳುತ್ತಿದ್ದರು. ರಘುವೀರನ ಹೆಜ್ಜೆಯ ಮೇಲೆ ಒಂದರ್ಧ ಗಂಟೆ ಓಡಾಡಿ, "ಈ ಹುಡುಗ ಗ್ಯಾಲರಿ ಮುಂದೆ ಬಂದಾಗಲೆಲ್ಲ ನಿಂತ್ಕೋತಾನೆ. ಕೂದಲು ಸರಿ ಮಾಡ್ಕೊಳ್ಳೋಕಿರಬೇಕು" ಅಂದರು. ರಘುವೀರನ ಅಪ್ಪ ವಾದ್ಯದವರ ಕಡೆ ಎತ್ತಿದ್ದ ಕೈಯನ್ನು ಹಾಗೆಯೇ ಇಳಿಸಿದರು.

ಆಮೇಲೆ ಗುರುಪಾದಯ್ಯ ಮೈದಾನದ ನಡುವೆ ನಿಂತುಬಿಟ್ಟರು. ಕನ್ನಡಕ ಹಾಕಿದರು, ತೆಗೆದರು, ಒರೆಸಿ ಮತ್ತೆ ಹಾಕಿದರು. ಕೆರೆ ಕಡೆಯ ಗೋಲಿನಿಂದ ಗಿರಣಿ ಕಡೆಗೆ ನಲವತ್ತು ಹೆಜ್ಜೆಯ ಒಂದು ಓಟ ಅಲ್ಲಿತ್ತು. ಅದನ್ನು ಮೂರು ಸಲ ನಡೆದರು. ಬಾವುಟ ನೆಟ್ಟು, ಪ್ರಿನ್ಸಿಪಾಲರನ್ನು ಹತ್ತಿರ ಕರೆದು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

"ಇಂಥ ಹೆಜ್ಜೆ ನಾನು ನನ್ನ ಜೀವಮಾನದಲ್ಲಿ ಕಂಡಿಲ್ಲ. ಎಡಗಾಲಿಗೂ ಬಲಗಾಲಿಗೂ ನಡುವೆ ಇಷ್ಟು ಅಗಲ ಅಂದ್ರೆ ಆಳು ಏನಿಲ್ಲ ಅಂದ್ರೂ ಆರೂವರೆ ಅಡಿ ಇರಬೇಕು. ಆದರೆ ನೋಡಿ, ಅಚ್ಚು ಎಷ್ಟು ಹಗುರವಾಗಿದೆ. ಎರಡೂ ಕಾಲು ಸಮ. ಚೆಂಡನ್ನ ಎಡಗಾಲಿಂದ ಬಲಗಾಲಿಗೆ ತನಗೆ ತಾನೇ ಕೊಟ್ಕೊಂಡು ಓಡಿದಾನೆ. ಎಲ್ಲಿಟ್ಟಿದ್ರಿ ಇವನನ್ನ ಇಷ್ಟು ದಿನ?"

ಪ್ರಿನ್ಸಿಪಾಲರು ಹೌದು ಹೌದು ಅಂದರು. ಏನು ಹೌದು ಅಂತ ಅವರಿಗೂ ಗೊತ್ತಿರಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆರೂವರೆ ಅಡಿಯವನು ನಮ್ಮ ಊರಿನಲ್ಲಿ ಯಾರಿದ್ದಾರೆ? ಗಿರಣಿಯಲ್ಲಿ ಮೂಟೆ ಹೊರುವ ಸಿದ್ದನೇ ಆರಡಿ. ಯಾರೋ ಹೋಗಿ ಅವನನ್ನೂ ಕರೆದುಕೊಂಡು ಬಂದರು. ಅವನು ಹೆಗಲ ಮೇಲಿನ ಗೋಣಿಚೀಲವನ್ನು ಇಳಿಸದೆ, ತಾನು ಚೆಂಡನ್ನು ಮುಟ್ಟಿಯೇ ಇಲ್ಲ, ಬೇಕಾದರೆ ತನ್ನ ಅಮ್ಮನ ಆಣೆ ಅಂತ ಹೇಳಿದ. ರಾತ್ರಿ ಹೊತ್ತು ಬೇರೆ ಊರಿನವನು ಬಂದು ಆಡಿ ಹೋಗಿರಬಹುದು ಅಂತ ಒಬ್ಬರು ಅಂದರು. ಹಾಗಾದರೆ ಬೂಟು ಯಾರು ಕೊಟ್ಟರು ಅಂತ ಇನ್ನೊಬ್ಬರು ಕೇಳಿದರು. ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ತಲೆಗೂ ಏನೂ ಹೊಳೆಯಲಿಲ್ಲ, ಅಷ್ಟೊಂದು ದೊಡ್ಡ ಕಾಲಿನ ಬೂಟು ನಾನು ಕೊಟ್ಟೇ ಇಲ್ಲ ಅಂತ ಯೋಚಿಸುತ್ತಲೇ ರಿಜಿಸ್ಟರು ಎತ್ತಿಕೊಂಡು ಹೋದೆ.

ಬಗ್ಗಿ ನೋಡಿದೆ. ಎಡಗಾಲಿನ ಅಚ್ಚು, ಹದಿನೇಳು. ಒಂದು ಮಾರು ಆಚೆ ಬಲಗಾಲಿನ ಅಚ್ಚು, ಹದಿನೇಳು. ಮತ್ತೆ ಎಡ, ಮತ್ತೆ ಬಲ. ಆ ಓಟ ಓಡಿದ ಪಂದ್ಯ ನನಗೆ ನೆನಪಿತ್ತು, ನಾನೇ ಗ್ಯಾಲರಿಯಲ್ಲಿ ಕಡಲೆಕಾಯಿ ತಿನ್ನುತ್ತಾ ನೋಡಿದ್ದೆ. ಬರಿಗಾಲನ್ನು ನೆಲ ಇಟ್ಟುಕೊಳ್ಳದೆ ಹೋದರೆ ಇಬ್ಬರು ಹುಡುಗರಲ್ಲಿ ಉಳಿಯುವುದು ಒಂದು ಎಡ, ಒಂದು ಬಲ. ಈ ಬುದ್ಧಿ ನನಗೆ ಜೂನಿನಲ್ಲಿ ಬರಬೇಕಿತ್ತು.

"ನಂಬರು ಹೇಳಿ ಅಮ್ಮ" ಅಂದರು ಗುರುಪಾದಯ್ಯ.

"ಹದಿನೇಳು" ಅಂದೆ.

"ಹೆಸರು?"

ರಿಜಿಸ್ಟರಿನಲ್ಲಿ ಇದ್ದದ್ದನ್ನು ಓದಿದೆ. "ನಂದೀಶ."

ಜನರ ನಡುವೆ ಎಲ್ಲೋ ಪದ್ಮ ಅಳುವ ದನಿ ಕೇಳಿಸಿತು. ನಂದೀಶ ಹಗ್ಗದ ಕೆಳಗೆ ನುಸುಳಿ ಬಂದು ನಿಂತ. ಗುರುಪಾದಯ್ಯ ಅವನ ತಲೆಯ ಮೇಲಿನಿಂದ ಆಚೆಗೆ ನೋಡುತ್ತಾ, "ಎಲ್ಲಪ್ಪಾ ನಿಮ್ಮಣ್ಣ?" ಅಂದರು.

"ನಾನೇ ಸಾರ್ ನಂದೀಶ."

ಅಚ್ಚಿನ ಮೇಲೆ ನಿಲ್ಲಿಸಿದರು. ಎಡಗಾಲು ಎಡಗಾಲಿನ ಅಚ್ಚಿನಲ್ಲಿ ಸರಿಯಾಗಿ ಕೂತಿತು. ಬಲಗಾಲನ್ನು ಆಚೆಯ ಅಚ್ಚಿಗೆ ಮುಟ್ಟಿಸಲು ಹೋಗಿ ಹುಡುಗ ಕಾಲು ಚಾಚಿ ಚಾಚಿ ಕುಕ್ಕರಿಸಿ ಬಿದ್ದ. ಆಗ ಗುರುಪಾದಯ್ಯನವರ ಕಣ್ಣು ಅವನ ಬೂಟಿಲ್ಲದ ಬಲಗಾಲಿನ ಮೇಲೆ ಬಿತ್ತು.

"ಇನ್ನೊಂದು ಬೂಟು ಎಲ್ಲಿ?"

"ಇಮ್ಮಿ ಹತ್ರ ಇದೆ ಸಾರ್" ಅಂದ ನಂದೀಶ, ನೆಲದ ಮೇಲೆ ಕೂತಲ್ಲಿಂದಲೇ.

ಇಮ್ಮಿ ಬಂದ. ಬಂದವನು ಯಾರೂ ಹೇಳದೆಯೇ ಬಲಗಾಲನ್ನು ಆಚೆಯ ಅಚ್ಚಿನಲ್ಲಿಟ್ಟ. ಇಬ್ಬರೂ ನಡುವೆ ಒಂದು ಮಾರು ಜಾಗ ಬಿಟ್ಟು ಪಕ್ಕಪಕ್ಕ ನಿಂತಾಗ ಮೈದಾನದ ಸುತ್ತಲಿನ ಜನ ನಿಟ್ಟುಸಿರು ಬಿಟ್ಟರು. ಇಡೀ ಊರು ವರ್ಷವಿಡೀ ಕಣ್ಣಾರೆ ಕಂಡಿದ್ದ ಸಂಗತಿ. ಆದರೂ ಗಂಟೆಯ ಹಿಂದೆ ಆರೂವರೆ ಅಡಿಯವನನ್ನು ಹುಡುಕಾಡಿತ್ತಲ್ಲ.

ಗುರುಪಾದಯ್ಯ ಪಂಚೆ ಒದ್ದೆಯಾಗುವುದನ್ನೂ ನೋಡದೆ ನೆಲದ ಮೇಲೆ ಕೂತರು. ಬೇರೆ ಕ್ಲಬ್ಬಿನವರು ಮುಖ ತಿರುಗಿಸಿಕೊಂಡು ನಗುತ್ತಿದ್ದರು. ಇಬ್ಬರನ್ನೂ ಕಳಿಸಿಬಿಡೋಣ ಅಂತ ಪ್ರಿನ್ಸಿಪಾಲರು ಒಂದು ಮಾತು ಹೇಳಿ ನೋಡಿದರು. ಅವರಿಗೆ ಇಬ್ಬರಾದರೆ ನಮಗೂ ಬಾವುಟಕ್ಕೆ ಇಬ್ಬಿಬ್ಬರು ಕೊಡಿ ಅಂತ ಉಳಿದ ಐದು ಕ್ಲಬ್ಬಿನವರೂ ಒಟ್ಟಿಗೆ ಎದ್ದರು. ಅದು ಅಲ್ಲಿಗೇ ನಿಂತಿತು. ಸರಿ, ಒಬ್ಬೊಬ್ಬನೇ ಎರಡೂ ಬೂಟು ಹಾಕಿಕೊಂಡು ಓಡಲಿ ಅಂದರು. ನಂದೀಶ ಓಡಿದ. ವರ್ಷದಿಂದ ಗಾಳಿ ಬೆಳಕು ಕಂಡಿದ್ದ ಅವನ ಬಲಗಾಲು ಬೂಟಿನೊಳಗೆ ಹೋಗಿ ಏನು ಮಾಡಬೇಕು ಅಂತ ಗೊತ್ತಾಗದೆ ಒದ್ದಾಡಿತು. ಇಮ್ಮಿ ಓಡಿದ. ಇಪ್ಪತ್ತು ಗಜ ಹೋಗುವಷ್ಟರಲ್ಲಿ ಎಡಗಾಲು ಬಲಗಾಲಿಗೆ ತಗುಲಿ ಮುಗ್ಗರಿಸಿದ. ಗುರುಪಾದಯ್ಯ ಇಬ್ಬರ ಹೊಸ ಅಚ್ಚನ್ನೂ ನೋಡಿದರು. ಯಾವ ಊರಿನ ಯಾವ ಮೈದಾನದಲ್ಲಿ ಬೇಕಾದರೂ ಸಿಗುವಂಥ ಅಚ್ಚು.

ಇಷ್ಟಾದ ಮೇಲೂ ಅವರು ಬಾವುಟದ ಕಡೆ ಕೈ ಚಾಚಲಿಲ್ಲ. ಚಾಚುವ ಹಾಗೂ ಇರಲಿಲ್ಲ. ಎದ್ದು ಬಂದು ನನ್ನ ಮುಂದೆ ನಿಂತರು.

"ಅಮ್ಮ, ನಾನು ಓದಿದ್ದು ತಪ್ಪಲ್ಲ. ಆಳು ಒಬ್ಬನೇ ಅಂದದ್ದು ತಪ್ಪಾಯಿತು, ಓಟ ತಪ್ಪಲ್ಲ. ಇಬ್ಬರು ಜೊತೆಗೆ ಓಡಿದಾಗ ಒಬ್ಬ ಓಡ್ತಾನೆ, ಇನ್ನೊಬ್ಬ ಅವನನ್ನ ನೋಡ್ಕೊಂಡು ಓಡ್ತಾನೆ. ನನಗೆ ಮೊದಲನೆಯವನು ಬೇಕು. ನನ್ನ ಕಣ್ಣನ್ನ ಈಗ ನಾನೇ ನಂಬೋ ಹಾಗಿಲ್ಲ. ಬೂಟು ಕೊಟ್ಟೋರು ನೀವು, ವರ್ಷವೆಲ್ಲ ನೋಡಿದೋರು ನೀವು. ರಿಜಿಸ್ಟರ್ ಮುಚ್ಚಿ. ನೀವೇ ನಡೆದು ನೋಡಿ ಒಂದು ಹೆಸರು ಹೇಳಿ, ನಾನು ಕರ್ಕೊಂಡು ಹೋಗ್ತೀನಿ."

ನಾನು ಆ ನಲವತ್ತು ಹೆಜ್ಜೆಯ ಉದ್ದಕ್ಕೂ ನಡೆದೆ. ಹೆಜ್ಜೆ ಓದಲು ನನಗೆ ಯಾರೂ ಕಲಿಸಿಲ್ಲ. ಆದರೂ ಹನ್ನೆರಡನೇ ಹೆಜ್ಜೆಯ ಹತ್ತಿರ ಓಟ ಎಡಕ್ಕೆ ತಿರುಗುತ್ತಿತ್ತು, ಅಲ್ಲಿ ಮೊದಲು ತಿರುಗಿದ್ದು ಬಲಗಾಲು. ಒಂದು ಕೂದಲೆಳೆಯಷ್ಟು ಮೊದಲು. ಇಪ್ಪತ್ತಾರನೆಯದರಲ್ಲಿ ಓಟ ಗಕ್ಕನೆ ನಿಂತಿತ್ತು. ಮೊದಲು ನಿಂತದ್ದೂ ಬಲಗಾಲು, ಎಡಗಾಲು ಅರ್ಧ ಹೆಜ್ಜೆ ಮುಂದೆ ಹೋಗಿ ವಾಪಸು ಬಂದಿತ್ತು. ಅಥವಾ ನನಗೆ ಹಾಗೆ ಕಂಡಿತು. ಹಿಂದಕ್ಕೆ ಬರುತ್ತಾ ನೋಡಿದಾಗ ಎರಡೂ ಒಟ್ಟಿಗೆ ತಿರುಗಿದ ಹಾಗೆ ಕಂಡಿತು. ಮತ್ತೆ ಹೋದೆ, ಬಲಗಾಲೇ ಮೊದಲು. ಬಿಸಿಲೇರಿ ನೆಲ ಆರುತ್ತಿತ್ತು, ಅಚ್ಚಿನ ಅಂಚು ಕರಗುತ್ತಿತ್ತು. ಆ ಹೊತ್ತಿನಲ್ಲಿ ನಾನು ನೋಡಿದ್ದು ನಿಜವೋ, ಇಲ್ಲ ಆಮೇಲೆ ಮನಸ್ಸು ಚುಚ್ಚಿ ಚುಚ್ಚಿ ನೋಡಿದ ಹಾಗೆ ಮಾಡಿದೆಯೋ, ಎಷ್ಟು ಯೋಚಿಸಿದರೂ ನನಗೆ ಬಗೆಹರಿಯುವುದಿಲ್ಲ.

ತಲೆ ಎತ್ತಿದೆ. ಹಗ್ಗದ ಆಚೆ ಪದ್ಮ ಎರಡೂ ಕೈ ಜೋಡಿಸಿಕೊಂಡು ನಿಂತಿದ್ದಳು. ನನಗೆ ಜೋಡಿಸಿದ್ದೋ ದೇವರಿಗೋ ಗೊತ್ತಿಲ್ಲ. ಫಿಲೋಮಿನಾ ಎಲ್ಲಾದರೂ ಇದ್ದಾಳೇನೋ ಅಂತ ಕಣ್ಣಾಡಿಸಿದೆ. ಅವಳು ಇರಲಿಲ್ಲ. ಕಾರ್ಖಾನೆಗೆ ರಜೆ ಇಲ್ಲದ ದಿನ ಅದು. ಹುಡುಗರಿಬ್ಬರೂ ನನ್ನನ್ನೇ ನೋಡುತ್ತಿದ್ದರು. ನಾನಲ್ಲ ಅವನು ಅಂತ ಒಬ್ಬನಾದರೂ ಹೇಳುತ್ತಾನೇನೋ, ನನ್ನ ತಲೆಯ ಮೇಲಿನ ಭಾರ ಇಳಿಯುತ್ತದೇನೋ ಅಂತ ಕಾದೆ. ಇಬ್ಬರೂ ತುಟಿ ಬಿಚ್ಚಲಿಲ್ಲ. ಯಾಕೆ ಬಿಚ್ಚಬೇಕು, ಇಬ್ಬರಿಗೂ ಇದ್ದದ್ದು ಅದೊಂದೇ ದಿನ.

"ನಂದೀಶ" ಅಂದೆ.

ಎಣಿಸಿ ಅಳೆದು ಹೇಳಿದ್ದಲ್ಲ. ಬಾಯಿಗೆ ಬಂದ ಹೆಸರು ಅದು. ಇಪ್ಪತ್ತೊಂದು ವರ್ಷ ಮನೆಯಲ್ಲಿ ದಿನಕ್ಕೆ ನೂರು ಸಲ ಕೂಗಿದ ಹೆಸರು, ಅದೇ ಬಂತು. ಹಾಗಂತ ನನಗೆ ನಾನು ಹೇಳಿಕೊಳ್ಳುತ್ತೇನೆ. ಆದರೆ ನಿಜ ಹೇಳುತ್ತೇನೆ, ಅವನು ನಮ್ಮವನು ಅಂತಲೇ ಹೇಳಿದೆ.

ಆಮೇಲೆ ಆಯ್ಕೆ ಮುಂದುವರಿಯಿತು. ವರ್ಷಕ್ಕೆಲ್ಲ ಸೇರಿ ಹನ್ನೊಂದೇ ನಿಮಿಷ ಆಡಿದ್ದ ಬದಲಿ ಆಟಗಾರ ಎರಡನೆಯವನಾಗಿ ಹೋದ, ಅವನ ಹೆಜ್ಜೆಯಲ್ಲಿ ಒಂದೂ ವ್ಯರ್ಥವಿಲ್ಲವಂತೆ. ರಘುವೀರ ಆರನೆಯವನಾಗಿ, ಕಟ್ಟಕಡೆಗೆ ಹೋದ. ಅವನ ಅಪ್ಪ ವಾದ್ಯ ಬಾರಿಸಲು ಹೇಳಬೇಕೋ ಬೇಡವೋ ಅಂತ ತೋಚದೆ ನಿಂತರು, ವಾದ್ಯದವರು ತಮಗೆ ತೋಚಿದ ಹಾಗೆ ಅರ್ಧ ಬಾರಿಸಿ ನಿಲ್ಲಿಸಿದರು. ಯಾರಿಗೆ ಸಂತೋಷ ಆಗಿದೆ ಯಾರಿಗೆ ದುಃಖ ಆಗಿದೆ ಅನ್ನುವುದೇ ಆ ದಿನ ಸರಿಯಾಗಿ ಗೊತ್ತಾಗುತ್ತಿರಲಿಲ್ಲ.

ಇಮ್ಮಿ ಗದ್ದಲ ಮಾಡಲಿಲ್ಲ. ಮೈದಾನದ ಅಂಚಿನ ಗೆರೆಯ ಮೇಲೆ ಕೂತು ಬಲಗಾಲಿನ ಬೂಟಿನ ದಾರ ಬಿಚ್ಚಿ, ಒಳಗಿನ ಮಣ್ಣು ಕೊಡವಿ, ನಂದೀಶನ ಕೈಗೆ ಕೊಟ್ಟ. "ಬೇಗ ಅಭ್ಯಾಸ ಮಾಡ್ಕೊ. ಬಲಗಾಲು ಸ್ವಲ್ಪ ದಿನ ನೋಯುತ್ತೆ" ಅಂದ. ಅಷ್ಟೇ ಹೇಳಿದ್ದು. ಸಂಜೆ ವ್ಯಾನಿನ ಹತ್ತಿರ ನಂದೀಶ ಎರಡೂ ಬೂಟು ಹಾಕಿಕೊಂಡು ಕುಂಟುತ್ತಾ ಬಂದ. ಪದ್ಮ ಅವನ ಜೇಬಿಗೆ ಚಕ್ಕುಲಿ ಪೊಟ್ಟಣ ತುರುಕುತ್ತಿದ್ದಳು. ಅವನು ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದ.

"ದೊಡ್ಡಮ್ಮ, ಆ ಓಟ ನಿಜವಾಗ್ಲೂ ನಂದೇನಾ?"

"ನಿಂಗೆ ಗೊತ್ತಿಲ್ವಾ?"

"ಇಲ್ಲ. ಆಡುವಾಗ ನಾನು ಯಾವತ್ತೂ ಅದನ್ನ ಯೋಚ್ನೆ ಮಾಡ್ಲಿಲ್ಲ."

"ವ್ಯಾನು ಹತ್ತು" ಅಂದೆ. ಹತ್ತಿದ. ಕಿಟಕಿಯಿಂದ ಕೈ ಬೀಸುತ್ತಾನೆ ಅಂತ ನಿಂತೆವು, ಅವನು ಆಚೆ ಬದಿಯ ಸೀಟಿನಲ್ಲಿ ಕೂತಿರಬೇಕು.

ಮನೆಯಲ್ಲಿ ಪದ್ಮ ಹಬ್ಬ ಮಾಡಿದಳು. ನನಗೆ ಒಂದು ತುತ್ತೂ ಇಳಿಯಲಿಲ್ಲ. ಮೂರು ದಿನ ಹೀಗೇ ಕಳೆಯಿತು. ನೀನು ಹೇಳಿದ್ದರಲ್ಲಿ ತಪ್ಪೇನಿದೆ, ರಿಜಿಸ್ಟರಿನಲ್ಲೂ ಅವನ ಹೆಸರೇ ಇತ್ತಲ್ಲ ಅಂತ ಪದ್ಮ ಅಂದಳು. ಆ ಹೆಸರನ್ನು ಬರೆದವಳೂ ನಾನೇ ತಾನೇ. ಒಂದು ಗೆರೆಯಲ್ಲಿ ಎರಡು ಹೆಸರು ಬರೆಯಲು ಜಾಗ ಇರಲಿಲ್ಲ ಅಂತ ಜೂನಿನಲ್ಲಿ ಅಂದುಕೊಂಡಿದ್ದೆ. ನಾಲ್ಕನೆಯ ದಿನ ಬೆಳಗ್ಗೆ ರಿಜಿಸ್ಟರು ತೆಗೆದು ನೋಡಿದೆ. ಜಾಗ ಬೇಕಾದಷ್ಟಿತ್ತು.

ಅವತ್ತೇ ಸಾಯಂಕಾಲ ಕಾರ್ಖಾನೆ ಬಿಡುವ ಹೊತ್ತಿಗೆ ಫಿಲೋಮಿನಾಳ ಮನೆಗೆ ಹೋದೆ. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ, ಬಾಗಿಲಲ್ಲಿ ಎಲ್ಲ ಮರೆತುಹೋಯಿತು. ಅವಳು ಆಗಷ್ಟೇ ಬಂದು ಕೈಗೆ ಅಂಟಿದ ಗೋಂದು ತೊಳೆಯುತ್ತಿದ್ದಳು. ನನ್ನನ್ನು ನೋಡಿ ಕುರ್ಚಿಯ ಮೇಲಿದ್ದ ಬಟ್ಟೆ ತೆಗೆದಳು.

"ಬನ್ನಿ ಕಮಲಕ್ಕ, ಕೂತ್ಕೊಳ್ಳಿ. ಇಮ್ಮಿ ಎರಡನೇ ಪಾಳಿಗೆ ಹೋಗಿದಾನೆ. ನಿನ್ನೆ ಸೇರ್ಕೊಂಡ."

ಬೇಡ ಬೇಡ ಅಂದರೂ ಕಾಫಿ ಮಾಡಿದಳು. ಮಾಡುತ್ತಲೇ ಮಾತಾಡಿದಳು. "ನೀವು ಬಂದಿದ್ದು ಒಳ್ಳೇದಾಯ್ತು. ನಾನೇ ಬರ್ಬೇಕು ಅನ್ಕೊಂಡಿದ್ದೆ. ಅವತ್ತು ಬೂಟು ಒಂದೇ ಜೊತೆ ಇದ್ದಾಗ ನಿಮ್ಮ ಹುಡುಗನಿಗೇ ಎರಡೂ ಕೊಡಬಹುದಿತ್ತು. ನೀವು ನನ್ನ ಮಗನಿಗೂ ಒಂದು ಕೊಟ್ರಿ. ಒಂದು ವರ್ಷ ಆಡಿದ. ನಾನು ಅದನ್ನ ಮರೆಯಲ್ಲ."

ನನಗೆ ಅಳು ಬಂತು. ಲೋಟ ಕೆಳಗಿಟ್ಟು ಹೇಳಿಬಿಟ್ಟೆ. ಬಲಗಾಲು ಮೊದಲು ತಿರುಗಿದ ಹಾಗೆ ಕಂಡದ್ದು, ಮತ್ತೆ ಕಾಣದೆ ಹೋದದ್ದು, ಮತ್ತೆ ಕಂಡದ್ದು, ನನಗೆ ಏನೂ ಗೊತ್ತಾಗದೆ ಹೋದದ್ದು, ಗೊತ್ತಾಗದಿದ್ದರೂ ಒಂದು ಹೆಸರು ಹೇಳಿದ್ದು. "ನಮ್ಮವನು ಅಂತ ಹೇಳ್ದೆ ಫಿಲೋಮಿನಾ. ಬೇರೆ ಏನೂ ಕಾರಣ ಇಲ್ಲ."

ಅವಳು ಸೆರಗಿನಿಂದ ಕೈ ಒರೆಸಿಕೊಂಡು ನನ್ನ ಎದುರಿಗೆ ನೆಲದ ಮೇಲೆ ಕೂತಳು. ಬಯ್ಯುತ್ತಾಳೆ ಅಂತ ಕಾದೆ, ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಅದು ನನಗೂ ಗೊತ್ತು" ಅಂದಳು. "ಅದಕ್ಕೆ ನೀವ್ಯಾಕೆ ಅಳ್ತೀರಿ? ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ನಾನೂ ನನ್ನ ಮಗನ ಹೆಸರೇ ಹೇಳ್ತಿದ್ದೆ. ಯೋಚ್ನೆ ಕೂಡ ಮಾಡ್ತಿರ್ಲಿಲ್ಲ." ಆಮೇಲೆ ನನ್ನ ಲೋಟ ಎತ್ತಿ, ಆರಿದೆ, ಬಿಸಿ ಮಾಡಿಕೊಂಡು ಬರುತ್ತೇನೆ ಅಂತ ಎದ್ದವಳು ಒಲೆಯ ಕಡೆ ತಿರುಗಿಕೊಂಡೇ ಹೇಳಿದಳು. "ಆದ್ರೆ ನನ್ನನ್ನ ಯಾರೂ ಕೇಳ್ಲಿಲ್ವಲ್ಲ ಕಮಲಕ್ಕ."

ಬಿಸಿ ಮಾಡಿ ತಂದ ಕಾಫಿಯನ್ನು ಕುಡಿದು ಎದ್ದು ಬಂದೆ.